ರಿವ್ಯೂವರ್ ಮನೆಗೆ ಬಂದಾಗ

ಈ ದಂಪತಿ ಆಪ್ತಸಲಹೆಗೆ ನನ್ನನ್ನೇ ಹುಡುಕಿಕೊಂಡು ಬಂದದ್ದಕ್ಕೆ ಕಾರಣ ಒಂದೇ. ಅವರಿಗೆ ಕನ್ನಡದಲ್ಲಿ ಜಗಳ ಆಡಬೇಕಿತ್ತು. ಪುಣೆಯಲ್ಲಿ ಆಪ್ತಸಲಹೆಗಾರರಿಗೇನೂ ಬರ ಇಲ್ಲ. ಆದರೆ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಮಾತಾಡಿದರೆ ಇಬ್ಬರೂ ಮರ್ಯಾದಸ್ಥರಾಗಿಬಿಡುತ್ತಾರೆ. ಸಿಟ್ಟು ಗಂಟಲಲ್ಲೇ ಉಳಿಯುತ್ತದೆ. ಧಾರವಾಡದ ಮಾತು ಶುರುವಾದರೆ ಹತ್ತು ನಿಮಿಷದಲ್ಲಿ ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ.

ಇಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಎಂದು ಕೆಲವು ವಿವರ ಬದಲಿಸಿದ್ದೇನೆ.

ಅವರನ್ನು ಮೇಷ್ಟ್ರು ಎನ್ನೋಣ. ವಯಸ್ಸು 48. ಪುಣೆಯ ಒಂದು ಸಂಸ್ಥೆಯಲ್ಲಿ ಕಂಪ್ಯೂಟರ್ ವಿಜ್ಞಾನದ ಪ್ರೊಫೆಸರ್. ಹೆಂಡತಿ ಬ್ಯಾಂಕಿನಲ್ಲಿ ಅಧಿಕಾರಿ. ಒಬ್ಬಳೇ ಮಗಳು, 10ನೇ ತರಗತಿ. ಮೇಷ್ಟ್ರ ತಾಯಿ ಧಾರವಾಡದ ಮನೆಗೆ ಬೀಗ ಹಾಕಿ ಪುಣೆಯ ಕೊತ್ರೂಡ್‌ನ ಫ್ಲ್ಯಾಟಿಗೆ ಬಂದು ಮೂರು ವರ್ಷ ಆಗಿದೆ. ಹಿಂದಿನ ವರ್ಷ ಮೇಷ್ಟ್ರು 9 ಸಲ ಊರು ಬಿಟ್ಟಿದ್ದರು. ಅದರಲ್ಲಿ 5 ಸಲ ವಿದೇಶ. ಪಾಸ್‌ಪೋರ್ಟನ್ನು 60 ಪುಟದ್ದೇ ಕೇಳಿ ಮಾಡಿಸಿಕೊಂಡಿದ್ದಾರೆ.

ಮೊದಲ ದಿನ ಬಂದು ಕೂತವರೇ ತಮಾಷೆ ಮಾಡಿದರು. ಭೀಮಸೇನ ಜೋಶಿಯವರು ಸಂಗೀತ ಕಛೇರಿಗಾಗಿ ವಿಮಾನದಲ್ಲೇ ಓಡಾಡುತ್ತಿದ್ದರು, ಅದಕ್ಕೆ ಮರಾಠಿಯ ಹಾಸ್ಯ ಲೇಖಕ ಪು.ಲ. ದೇಶಪಾಂಡೆಯವರು ಅವರನ್ನು ‘ಹವಾಯಿ ಗಂಧರ್ವ’, ಅಂದರೆ ಗಾಳಿಯಲ್ಲಿ ಹಾರಾಡುವ ಗಂಧರ್ವ, ಎಂದು ಕರೆದಿದ್ದರು. ‘ನಾನೂ ಹವಾಯಿನ ರೀ, ಗಂಧರ್ವ ಮಾತ್ರ ಅಲ್ಲ’ ಎಂದರು ಮೇಷ್ಟ್ರು. ನಾನು ನಕ್ಕೆ. ಹೆಂಡತಿ ನಗಲಿಲ್ಲ. ಆ ತಮಾಷೆಯನ್ನು ಅವರು ಎಷ್ಟು ಸಲ ಕೇಳಿದ್ದರೋ.

ಇಷ್ಟೊಂದು ಓಡಾಟ ಯಾಕೆ? ನನಗೂ ಇದು ಗೊತ್ತಿರಲಿಲ್ಲ. ಬೇರೆ ವಿಜ್ಞಾನಗಳಲ್ಲಿ ಸಂಶೋಧನಾ ಪತ್ರಿಕೆಯಲ್ಲಿ ಲೇಖನ ಬಂದರೆ ದೊಡ್ಡದು. ಕಂಪ್ಯೂಟರ್ ವಿಜ್ಞಾನದಲ್ಲಿ ಹಾಗಲ್ಲ. ಇವರಲ್ಲಿ ಹೆಚ್ಚಿನ ಬೆಲೆ ಸಮ್ಮೇಳನಕ್ಕೆ. ಪೇಪರ್, ಅಂದರೆ ಸಂಶೋಧನೆಯ ಲೇಖನ, ಕಳಿಸಬೇಕು. ಅದೇ ವಿಷಯ ಬಲ್ಲ ಕೆಲವರು ಹೆಸರು ಹೇಳದೆ ಓದಿ ರಿವ್ಯೂ, ಅಂದರೆ ವಿಮರ್ಶೆ, ಬರೆಯುತ್ತಾರೆ. ಬಹುಪಾಲು ಪೇಪರ್ ವಾಪಸ್ ಬರುತ್ತವೆ. ಪಾಸಾದರೆ ಬರೆದವರಲ್ಲಿ ಒಬ್ಬರಾದರೂ ಹೋಗಿ ಮಂಡಿಸಬೇಕು. ಅದು ಲಿಸ್ಬನ್ ಇರಬಹುದು, ಸಿಯೋಲ್ ಇರಬಹುದು. ಸಾಲದ್ದಕ್ಕೆ ಮೇಷ್ಟ್ರೂ ಬೇರೆಯವರ ಪೇಪರ್‌ಗಳಿಗೆ ರಿವ್ಯೂ ಬರೆಯುತ್ತಾರೆ, ವರ್ಷವಿಡೀ.

ಇನ್ನು ಡೆಡ್‌ಲೈನ್. ಅವರಲ್ಲಿ ಒಂದು ವಿಚಿತ್ರ ಗಡಿಯಾರ ಇದೆ. ಭೂಮಿಯ ಮೇಲೆ ಎಲ್ಲಾದರೂ ಆ ತಾರೀಕು ಇನ್ನೂ ಉಳಿದಿದ್ದರೆ ಸಾಕು, ಪೇಪರ್ ಕಳಿಸಬಹುದು. ತಾರೀಕು ಎಲ್ಲಕ್ಕಿಂತ ಕೊನೆಗೆ ಮುಗಿಯುವುದು ಶಾಂತ ಸಾಗರದ ಬೇಕರ್ ಮತ್ತು ಹೌಲೆಂಡ್ ದ್ವೀಪಗಳ ಹತ್ತಿರ. ಅಲ್ಲಿ ಒಂದು ನರಪಿಳ್ಳೆಯೂ ವಾಸ ಇಲ್ಲ. ಅಲ್ಲಿಯ ಮಧ್ಯರಾತ್ರಿ ಎಂದರೆ ನಮ್ಮಲ್ಲಿ ಮರುದಿನ ಸಂಜೆ 5:30. ಮಗಳು ಶಾಲೆಯಿಂದ ಬಂದು ಬ್ಯಾಗ್ ಎಸೆಯುವ ಹೊತ್ತು ಅದೇ. ಜನರೇ ಇಲ್ಲದ ದ್ವೀಪದ ಗಡಿಯಾರಕ್ಕೆ ಕೊತ್ರೂಡಿನ ಒಂದು ಮನೆ ಬಾಯಿ ಮುಚ್ಚಿಕೊಂಡು ಕೂರುತ್ತದೆ. ಅದನ್ನು ಕೇಳಿ ನನಗೆ ಅವರ ಹೆಂಡತಿಗಿಂತ ಜಾಸ್ತಿ ಸಿಟ್ಟು ಬಂತು. ಸಲಹೆಗಾರಳಿಗೆ ಬರಬಾರದು, ಬಂತು.

ಆ ಸಿಟ್ಟಿನಲ್ಲೇ ನಾನು ತಪ್ಪು ಮಾಡಿದೆ. ತಿರುಗುವ ಗಂಡ, ಮನೆ ಹೊತ್ತ ಹೆಂಡತಿ, ಇಂಥ ಜೋಡಿಗಳನ್ನು ಎಷ್ಟೋ ನೋಡಿದ್ದೇನೆ. ಮೂರನೇ ಭೇಟಿಯಲ್ಲೇ ಹೇಳಿಬಿಟ್ಟೆ: ನಾಲ್ಕು ತಿಂಗಳು ಎಲ್ಲೂ ಹೋಗಬೇಡಿ. ಮೇಷ್ಟ್ರು ಮರು ಮಾತಿಲ್ಲದೆ ಒಪ್ಪಿದರು. ಎರಡು ಆಹ್ವಾನ ಬಿಟ್ಟರು. ಮಳೆಗಾಲ ಪೂರ್ತಿ ಮನೆಯಲ್ಲೇ ಇದ್ದರು.

ಪರಿಸ್ಥಿತಿ ಇನ್ನೂ ಕೆಟ್ಟಿತು. ಮಗಳು ಅಪ್ಪನ ಜೊತೆ ಮಾತು ಬಿಟ್ಟಳು. ಹೆಂಡತಿ ಬ್ಯಾಂಕಿನಿಂದ ತಡವಾಗಿ ಬರತೊಡಗಿದರು, ಬೇಕೆಂದೇ. ಐದನೇ ಭೇಟಿಗೆ ಒಬ್ಬರೇ ಬಂದು ನನ್ನನ್ನು ಕೇಳಿದರು, ‘ಮೇಡಂ, ಅವರಿಗೆ ಯಾವಾಗ ಹೋಗ್ಲಿಕ್ಕೆ ಬಿಡ್ತೀರಿ?’

ನಾನು ಟಿಪ್ಪಣಿ ಪುಸ್ತಕ ತಿರುವಿ ಹಾಕಿದೆ. ಮೊದಲ ದಿನವೇ ಅವರು ಒಂದು ಮಾತು ಹೇಳಿದ್ದರು. ಬರೆದುಕೊಂಡಿದ್ದೆ, ಕೇಳಿಸಿಕೊಂಡಿರಲಿಲ್ಲ. ‘ಅವರು ಹೋದಾಗ ನನಗ ಏನೂ ತ್ರಾಸಿಲ್ಲ. ಬಂದಾಗನ ತ್ರಾಸು.’ ಅದರ ಕೆಳಗೆ ಇನ್ನೊಂದು ಸಾಲು. 2020ರಲ್ಲಿ ಸಮ್ಮೇಳನಗಳೆಲ್ಲ ಆನ್‌ಲೈನ್ ಆಗಿ ಮೇಷ್ಟ್ರು ಮನೆಯಲ್ಲೇ ಇದ್ದಾಗ ಜಗಳ ಎಲ್ಲಕ್ಕಿಂತ ಜಾಸ್ತಿ ಆಗಿತ್ತಂತೆ. ಇಷ್ಟು ಕಣ್ಣ ಮುಂದೆ ಇಟ್ಟುಕೊಂಡು ನಾನು ಹೋಗಬೇಡಿ ಎಂದಿದ್ದೆ.

ಹಾಗಾದರೆ ಬಂದಾಗ ಆಗುವುದೇನು? ಇಬ್ಬರನ್ನೂ ಕೂರಿಸಿ, ಒಂದು ವಾಪಸಾತಿಯನ್ನು ಗಂಟೆ ಗಂಟೆಯಾಗಿ ಹೇಳಿಸಿದೆ. ಜೂನ್‌ನಲ್ಲಿ ಜರ್ಮನಿಯಿಂದ ಬಂದದ್ದು. ಪುಣೆಯ ಲೋಹಗಾಂವ್ ನಿಲ್ದಾಣದಿಂದ ಆ ಕಡೆಗೆ ನೇರ ವಿಮಾನ ಇಲ್ಲ, ಅವರು ಮುಂಬೈಗೆ ಬಂದರು. ನಡುರಾತ್ರಿ ಇಳಿದು, ಕ್ಯಾಬ್ ಹಿಡಿದು, ಖಂಡಾಳಾ ಘಾಟಿನಲ್ಲಿ ಟ್ರಕ್ಕುಗಳ ಹಿಂದೆ ನಿಂತು, ಬೆಳಗಿನ ಐದಕ್ಕೆ ಮನೆ. ಅವತ್ತಿನ ರಾತ್ರಿ ಎರಡಾದರೂ ನಿದ್ದೆ ಬರಲಿಲ್ಲ. ಅವರ ದೇಹಕ್ಕೆ ಅದು ಇನ್ನೂ ರಾತ್ರಿ ಹತ್ತೂವರೆ. ಎದ್ದು ಅಡುಗೆಮನೆಯ ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿದರು. ಬೆಳಗ್ಗೆ ಏಳಕ್ಕೆ ಮಗಳು ಹೊರಟಾಗ ಅವರಿಗೆ ನಡುರಾತ್ರಿ ಮೂರೂವರೆ. ಆ ಮಂಪರಿನಲ್ಲೇ ಪ್ರಶ್ನೆ: ಗಣಿತದ ಟ್ಯೂಷನ್ ಯಾಕೆ ಬದಲಿಸಿದಿರಿ? ರೂಟರ್ ಯಾಕೆ ಆ ಮೂಲೆಗೆ ಹೋಯಿತು? ಅಮ್ಮನಿಗೆ ಈ ಡಾಕ್ಟರ್ ಯಾಕೆ?

‘ಪೇಪರ್ ರಿವ್ಯೂ ಮಾಡಿದಂಗ ಮನಿ ರಿವ್ಯೂ ಮಾಡ್ತಾರ’ ಎಂದರು ಹೆಂಡತಿ. ‘ಇಪ್ಪತ್ತು ದಿವಸ ನಾವು ನಡಿಸಿದ್ದು, ಬಂದು ಅರ್ಧಾ ತಾಸಿನಾಗ ರಿಜೆಕ್ಟ್.’

ಮಗಳು ಅಪ್ಪನಿಗೆ ‘ರಿವ್ಯೂವರ್ ನಂಬರ್ 2’ ಎಂದು ಹೆಸರಿಟ್ಟಿದ್ದಳು. ಸಂಶೋಧಕರ ನಡುವೆ ಇದೊಂದು ಹಳೆಯ ತಮಾಷೆ. ಮೊದಲನೆಯ ರಿವ್ಯೂವರ್ ಮೆಚ್ಚುತ್ತಾನೆ, ಎರಡನೆಯವನು ಹುಳುಕು ಹುಡುಕುತ್ತಾನೆ. ಅದನ್ನು ಅವಳಿಗೆ ಕಲಿಸಿದ್ದು ಮೇಷ್ಟ್ರೇ. ಆ ಹೆಸರು ತನಗೇ ಬಂದಿದೆ ಎಂದು ನನ್ನ ಕೋಣೆಯಲ್ಲಿ ಅವರಿಗೆ ಮೊದಲ ಸಲ ಗೊತ್ತಾಯಿತು. ಸುಮ್ನೆ ಕೂತರು, ಬಹಳ ಹೊತ್ತು.

ಆಮೇಲೆ ಬಾತ್‌ರೂಮಿನ ಕಥೆ ಬಂತು. ಎರಡು ವರ್ಷದ ಹಿಂದೆ ತಾಯಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಮೇಷ್ಟ್ರು ಆಗ ವೇದಿಕೆಯ ಮೇಲಿದ್ದರು, ಫೋನ್ ಮ್ಯೂಟ್. ಇಳಿದು ನೋಡಿದರೆ 11 ಮಿಸ್ಡ್ ಕಾಲ್. ಅಷ್ಟರಲ್ಲಿ ಪಕ್ಕದ ಮನೆಯ ಕುಲಕರ್ಣಿ ಕಾಕೂ ಕಾರು ತೆಗೆದು, ಆಸ್ಪತ್ರೆಗೆ ಸೇರಿಸಿ, ಪ್ಲಾಸ್ಟರ್ ಕೂಡ ಆಗಿತ್ತು. ಮೇಷ್ಟ್ರು ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ: ‘ಆ ಆಸ್ಪತ್ರೆಗೆ ಯಾಕೆ ಹೋದಿರಿ?’

ಅವರು ಕೆಟ್ಟ ಮನುಷ್ಯ ಅಲ್ಲ. ಹೆದರಿದಾಗ ಅವರ ಬಾಯಿಂದ ಪ್ರಶ್ನೆಯೇ ಬರುತ್ತದೆ. 25 ವರ್ಷ ಅದೇ ಕಸುಬು. ಆದರೆ ಹೆಂಡತಿ ಆ ದಿನದಿಂದ ಅವರನ್ನು ಲೆಕ್ಕಕ್ಕೆ ಹಿಡಿಯುವುದನ್ನೇ ಬಿಟ್ಟಿದ್ದರು. ಗ್ಯಾಸು, ಫೀಸು, ಸೊಸೈಟಿಯ ಮೀಟಿಂಗು, ಮುಯ್ಯಿ, ಎಲ್ಲವೂ ಅವರಿಲ್ಲದೆ ನಡೆಯುವಂತೆ ಮಾಡಿಕೊಂಡರು. ಚೆನ್ನಾಗಿಯೇ ಮಾಡಿಕೊಂಡರು. ಅಷ್ಟು ಚೆನ್ನಾಗಿ ಆಯಿತೆಂದರೆ, ಊಟದ ಮೇಜಿನ ಹತ್ತಿರ ಅವರ ಕುರ್ಚಿಯ ಮೇಲೆ ತಾಯಿಯ ಔಷಧದ ಡಬ್ಬ ಬಂದು ಕೂತಿತು.

ಆ ಕುರ್ಚಿಯ ಮಾತು ತೆಗೆದದ್ದು ಮೇಷ್ಟ್ರು. ಜರ್ಮನಿಯ ಸಾರ್‌ಲ್ಯಾಂಡ್‌ನಲ್ಲಿ ಡಾಗ್‌ಸ್ಟೂಲ್ ಎಂಬ ಕೇಂದ್ರ ಇದೆ. 1990ರಿಂದ ಕಂಪ್ಯೂಟರ್ ವಿಜ್ಞಾನಿಗಳು ಅಲ್ಲಿ ಸೇರಿ ಒಂದು ವಾರದವರೆಗೆ ಚರ್ಚೆ ಮಾಡುತ್ತಾರೆ. ಆಹ್ವಾನ ಬಂದವರು ಮಾತ್ರ ಹೋಗಬಹುದು. ಅಲ್ಲಿ ಊಟಕ್ಕೆ ಯಾರು ಎಲ್ಲಿ ಕೂರಬೇಕೆಂದು ಹೆಸರು ಇಟ್ಟಿರುತ್ತಾರಂತೆ, ಯಾರದೋ ಪಕ್ಕ ಯಾರೋ, ಚೀಟಿ ಎತ್ತಿದ ಹಾಗೆ. ಹೊಸಬರ ಜೊತೆ ಮಾತಾಗಲಿ ಎಂದು. ‘ಅಲ್ಲಿ ನನ್ನ ಹೆಸರಿನ ಜಾಗ ಇರ್ತದ ಮೇಡಂ’ ಎಂದರು. ‘ಮನ್ಯಾಗ ಡಬ್ಬಿ ಎತ್ತಿ ಕೆಳಗಿಟ್ಟು ಕೂಡಬೇಕು.’ ಹೆಂಡತಿ ತಟ್ಟನೆ ಅವರ ಕಡೆ ತಿರುಗಿದರು. ಇದು ಅವರಿಗೂ ಹೊಸತು.

ಇನ್ನು ಸಲಹೆ. ಮೊದಲು ನನ್ನ ಹಳೆಯ ಸಲಹೆಯನ್ನು ವಾಪಸ್ ತೆಗೆದುಕೊಂಡೆ. ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಿದೆ. ನಂತರ ಒಂದು ನಿಯಮ: ಬಂದ ಮೇಲೆ ಮೂರು ದಿನ ‘ಯಾಕೆ’ ಎಂಬ ಪದ ಬಂದ್. ಮೂರೇ ಯಾಕೆ ಎಂದು ಮೇಷ್ಟ್ರು ಕೇಳಿದರು. ಅದೂ ‘ಯಾಕೆ’ಯೇ ಅಲ್ವಾ! ದೇಹದ ಗಡಿಯಾರ ಸುಮಾರಾಗಿ ದಿನಕ್ಕೆ ಒಂದು ಗಂಟೆಯಷ್ಟೇ ಸರಿಯುತ್ತದೆ, ಪೂರ್ವಕ್ಕೆ ಬಂದಾಗ ಇನ್ನೂ ನಿಧಾನ. ಬೇಸಿಗೆಯಲ್ಲಿ ಜರ್ಮನಿಯ ಮೂರೂವರೆ ಗಂಟೆಯ ಅಂತರಕ್ಕೆ ಕಡಿಮೆ ಎಂದರೂ ಮೂರು ದಿನ ಬೇಕು. ಅಮೆರಿಕದಿಂದ ಬಂದರೆ ಒಂದು ವಾರಕ್ಕೂ ಹೆಚ್ಚು. ಆ ದಿನಗಳಲ್ಲಿ ಬೆಳಗ್ಗೆ ಬಿಸಿಲು ಬಂದ ಮೇಲೆ ವೇತಾಳ ಟೇಕಡಿ ಎಂಬ ಗುಡ್ಡ ಹತ್ತಿ ಇಳಿಯಿರಿ, ರಾತ್ರಿ ಎಚ್ಚರವಾದರೆ ಅಡುಗೆಮನೆಗೆ ಮಾತ್ರ ಹೋಗಬೇಡಿ ಎಂದೆ.

ಎರಡನೆಯದು ಹೆಂಡತಿಗೆ ಕಷ್ಟದ್ದು. ಮನೆಯ ಒಂದು ಕೆಲಸ ಪೂರ್ತಿ ಮೇಷ್ಟ್ರದಾಗಬೇಕು. ಸಿಯೋಲ್‌ನಲ್ಲಿದ್ದರೂ ಅವರದೇ. ತಾಯಿಯ ಔಷಧ ಮತ್ತು ಡಾಕ್ಟರ್ ಭೇಟಿಗಳನ್ನು ಆರಿಸಿದೆವು, ಫೋನಿನಲ್ಲೇ ನಡೆಸಬಹುದು ಎಂದು. ಹೆಂಡತಿ ಅದನ್ನು ಪರೀಕ್ಷಿಸಕೂಡದು. ಮೊದಲ ತಿಂಗಳಲ್ಲೇ ಮೇಷ್ಟ್ರು ಬಿಪಿ ಮಾತ್ರೆ ತರಿಸಲು ಮರೆತರು. ಸ್ಟ್ರಿಪ್ಪಿನಲ್ಲಿ ಇನ್ನೂ ಎರಡು ದಿನದ್ದಿತ್ತು, ಆದರೂ ಹೆಂಡತಿ ಸದ್ದಿಲ್ಲದೆ ತಂದಿಟ್ಟರು. ಆ ಸಲ ನಾನು ಬೈದದ್ದು ಹೆಂಡತಿಗೆ. ಎರಡು ದಿನ ಇದೆಯಲ್ಲ, ಅವರಿಗೇ ಫೋನ್ ಮಾಡಿ ನೆನಪಿಸಬಹುದಿತ್ತು. ನೀವೇ ಎಲ್ಲ ಮಾಡಿ ಮುಗಿಸಿದರೆ ಅವರಿಗೆ ಉಳಿಯುವುದು ತಪ್ಪು ಹುಡುಕುವ ಕೆಲಸ ಒಂದೇ ಎಂದೆ. ಅವರಿಗೆ ಬೇಜಾರಾಯಿತು. ಒಂದು ಭೇಟಿ ತಪ್ಪಿಸಿದರು ಕೂಡ.

ಓಡಾಟದ ಲೆಕ್ಕವನ್ನೂ ಹಾಕಿದೆವು. 9 ಪ್ರಯಾಣಕ್ಕೂ ಒಂದೊಂದು ಸಾಲಿನ ಕಾರಣ ಬರೆಯಿರಿ ಎಂದೆ. ಮೂರಕ್ಕೆ ಸಾಲೇ ಹೊಳೆಯಲಿಲ್ಲ. ‘ಕರೆದಿದ್ದರು, ಹೋದೆ’ ಅಷ್ಟೇ. ಕರೆದರೆ ಯಾರಿಗೆ ಖುಷಿ ಆಗಲ್ಲ, ಅದರಲ್ಲಿ ನಾಚಿಕೆ ಏನೂ ಇಲ್ಲ. ಇನ್ನೆರಡು ಶಿಷ್ಯರ ಪೇಪರ್‌ಗಳು. ಹೊಸ ವಿದ್ಯಾರ್ಥಿಗೆ ವೇದಿಕೆ ಸಿಗುವುದು ಗುರುವಿನ ಹಾಜರಿಗಿಂತ ಮುಖ್ಯ ಎಂದು ಮೇಷ್ಟ್ರೇ ಒಪ್ಪಿದರು. ಹೀಗೆ ಹೋಗುವ ವಿದ್ಯಾರ್ಥಿಗಳಿಗೆ ಕಂಪ್ಯೂಟರ್ ವಿಜ್ಞಾನದ ಸಂಘಗಳಾದ ಎಸಿಎಂ ಇಂಡಿಯಾ ಮತ್ತು ಐಎಆರ್‌ಸಿಎಸ್ ಸೇರಿ ಪ್ರಯಾಣದ ಧನಸಹಾಯ ಕೊಡುತ್ತವೆ ಎಂದು ನನಗೆ ಗೊತ್ತಾದದ್ದೂ ಅವರಿಂದಲೇ. ಉಳಿದ ನಾಲ್ಕಕ್ಕೆ ಹೆಂಡತಿಯೇ ‘ಹೋಗಿ ಬರ್ರಿ’ ಎಂದರು.

ಡೆಡ್‌ಲೈನ್‌ಗಳು ತಿಂಗಳುಗಟ್ಟಲೆ ಮೊದಲೇ ಗೊತ್ತಿರುತ್ತವೆ. ಗೊತ್ತಿಲ್ಲದಿದ್ದದ್ದು ಮನೆಯವರಿಗೆ ಮಾತ್ರ. ಅಡುಗೆಮನೆಯ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ, ಏಕಾದಶಿ ಸಂಕಷ್ಟಿಗಳ ಪಕ್ಕ ಈಗ ಕೆಂಪು ಪೆನ್ನಿನಲ್ಲಿ ‘ದ್ವೀಪ’ ಎಂದು ಬರೆಯುತ್ತಾರೆ. ಆ ಸಂಜೆ ಮಗಳು ಗೆಳತಿಯ ಮನೆಗೆ. ಅವಳಿಗೆ ಅದು ಪಾರ್ಟಿ ದಿನ.

ಎಲ್ಲವೂ ಸರಿಹೋಗಿದೆ ಎಂದು ಹೇಳಲಾರೆ. ಮಗಳು ಅಪ್ಪನ ಜೊತೆ ಮಾತಾಡುತ್ತಾಳೆ, ಆದರೆ ಗಣಿತ ಹೇಳಿಸಿಕೊಳ್ಳುವುದಿಲ್ಲ. ಔಷಧದ ಡಬ್ಬ ಫ್ರಿಜ್ ಮೇಲಕ್ಕೆ ಹೋಗಿದೆ.

ಹೋದ ತಿಂಗಳು ಹೆಂಡತಿಗೆ ಬ್ಯಾಂಕಿನ ತರಬೇತಿ ಬಂತು, ಮುಂಬೈಯಲ್ಲಿ ಐದು ದಿನ. ಮದುವೆಯಾದ ಮೇಲೆ ಅವರು ಒಬ್ಬರೇ ಊರು ಬಿಟ್ಟದ್ದು ಅದೇ ಮೊದಲು. ನಾಲ್ಕನೇ ದಿನ ಸಂಜೆ ಮೇಷ್ಟ್ರ ಫೋನ್.

‘ಮೇಡಂ, ಅಡುಗೆಮನೆ ಕಪಾಟು ಸ್ವಲ್ಪ ಬೇರೆ ರೀತಿ ಜೋಡಿಸಿದ್ದೆ. ನಾಳೆ ಅವಳು ಬರ್ತಾಳ. ಏನ್ ಮಾಡ್ಲಿ?’

‘ಮೊದಲು ಹೇಗಿತ್ತೋ ಹಾಗೇ ಇಡಿ’ ಎಂದೆ.

ಆ ಕಡೆ ಡಬ್ಬಿಗಳ ಸದ್ದು. ಆಮೇಲೆ ಅಂದರು, ‘ಮೊದಲ ಹೆಂಗಿತ್ತು ಅಂತನ ನೆನಪಿಲ್ಲ ರೀ.’