ಕಣ್ಣಿಗೆ ಬಟ್ಟೆ ಬೇಡ, ಕೈಗೆ ಅಳತೆಪಟ್ಟಿ ಕೊಡಿ

ಡಿಸೆಂಬರ್ 3ರ ಅಂಗವಿಕಲರ ದಿನಕ್ಕೆ ಕಚೇರಿಯಲ್ಲಿ ಜಾಗೃತಿ ಕಾರ್ಯಕ್ರಮ ಇಟ್ಟುಕೊಂಡಿದ್ದೇವೆ, ಎಲ್ಲರ ಕಣ್ಣಿಗೂ ಬಟ್ಟೆ ಕಟ್ಟಿ ಹತ್ತು ನಿಮಿಷ ನಡೆಸಿದರೆ ಹೇಗೆ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ.

ಹದಿನಾರು ವರ್ಷಗಳಿಂದ ಗಾಲಿಕುರ್ಚಿಯಲ್ಲಿ ಓಡಾಡುತ್ತಿದ್ದೇನೆ. ಇಂಥದ್ದೇ ಒಂದು ಕಾರ್ಯಕ್ರಮಕ್ಕೆ ಸಮಾನತೆಯ ಬಗ್ಗೆ ಮಾತನಾಡಲು ನನ್ನನ್ನು ಕರೆದಿದ್ದರು. ವೇದಿಕೆಗೆ ನಾಲ್ಕು ಮೆಟ್ಟಿಲು. ನಾಲ್ವರು ಬಂದು, ನನ್ನನ್ನು ಒಂದು ಮಾತೂ ಕೇಳದೆ ಕುರ್ಚಿ ಸಮೇತ ಎತ್ತಿದರು. ಒಬ್ಬರು ಹಿಡಿದಿದ್ದ ಕುರ್ಚಿಯ ಕೈ ಕಳಚಿ ಅವರ ಕೈಗೇ ಬಂತು. ಹೇಗೋ ಮೇಲೆ ತಲುಪಿದಾಗ ಸಭೆ ಚಪ್ಪಾಳೆ ತಟ್ಟಿತು. ಅದು ನನಗೋ ಎತ್ತಿದವರಿಗೋ ಇವತ್ತಿಗೂ ತಿಳಿದಿಲ್ಲ.

ಬಟ್ಟೆ ಕಟ್ಟಿಕೊಂಡವರಿಗೆ ಸಿಗುವುದು ಕುರುಡುತನದ ಮೊದಲ ಹತ್ತು ನಿಮಿಷ ಮಾತ್ರ, ಅಂದರೆ ಬರೀ ಗಾಬರಿ. ಬಿಳಿಕೋಲು ಹಿಡಿದು ವರ್ಷಗಟ್ಟಲೆ ಓಡಾಡಿದವರಿಗೆ ಇರುವ ನೈಪುಣ್ಯ ಅದರಲ್ಲಿ ಎಲ್ಲಿಂದ ಬರಬೇಕು? ಬಟ್ಟೆ ಬಿಚ್ಚಿದವರು 'ಸದ್ಯ, ನನಗೆ ಕಣ್ಣಿದೆ' ಎಂದು ನಿಟ್ಟುಸಿರು ಬಿಡುತ್ತಾರೆ. ಕರುಣೆ ಹೆಚ್ಚುತ್ತದೆ, ಮೆಟ್ಟಿಲು ಇದ್ದಲ್ಲೇ ಇರುತ್ತದೆ. ಅಂಗವಿಕಲರ ಹಕ್ಕುಗಳ ಬಗ್ಗೆ 2006ರ ವಿಶ್ವಸಂಸ್ಥೆಯ ಒಡಂಬಡಿಕೆ ಹೇಳುವುದೇ ಬೇರೆ: ದೇಹದ ಕೊರತೆಗೆ ಸುತ್ತಲಿನ ಅಡೆತಡೆ ಸೇರಿದಾಗಲೇ ಅಂಗವೈಕಲ್ಯ ಹುಟ್ಟುತ್ತದೆ. ('ವಿಕಲಚೇತನ' ಎಂಬ ಪದವೂ ನನಗೆ ಒಗ್ಗುವುದಿಲ್ಲ. ವಿಕಲವಾಗಿರುವುದು ಕಾಲು, ಚೇತನಕ್ಕೆ ಏನೂ ಆಗಿಲ್ಲ.)

ಅದಕ್ಕೇ ಬಟ್ಟೆಯ ಬದಲು ಅಳತೆಪಟ್ಟಿ ಕೊಡಿ. ಜನ ತಮ್ಮದೇ ಕಟ್ಟಡವನ್ನು ಅಳೆಯಲಿ. ಬಾಗಿಲು ತೆರೆದಾಗ 80 ಸೆಂ.ಮೀ. ಅಗಲವಾದರೂ ಸಿಗುತ್ತದೆಯೇ? ಇಳಿಜಾರಿಗೆ ಸಾಮಾನ್ಯವಾಗಿ ಒಪ್ಪಿಕೊಂಡಿರುವ ಲೆಕ್ಕ ಒಂದಕ್ಕೆ ಹನ್ನೆರಡು: 15 ಸೆಂ.ಮೀ. ಎತ್ತರದ ಒಂದೇ ಮೆಟ್ಟಿಲಿಗೆ 180 ಸೆಂ.ಮೀ. ಉದ್ದ ಬೇಕು. ಅದರ ಅರ್ಧದಷ್ಟು ಜಾಗದಲ್ಲಿ ಸಿಮೆಂಟು ಬಳಿದು 'ರ‍್ಯಾಂಪ್ ಇದೆ' ಎನ್ನುವವರೇ ಹೆಚ್ಚು. ಅಂಥದ್ದರ ಮೇಲಿಂದ ಇಳಿಯುವಾಗ ಕುರ್ಚಿ ನನ್ನನ್ನು ಮುಂದಕ್ಕೆ ಎಸೆಯುತ್ತದೆ. ಹಾಗೆಯೇ ನಮಗೆಂದು ಕಟ್ಟಿದ ಶೌಚಾಲಯದ ಬಾಗಿಲನ್ನೂ ಒಮ್ಮೆ ತೆಗೆದು ನೋಡಿ. ಒಳಗೆ ಬಕೆಟ್ಟು, ಪೊರಕೆ ಇದ್ದರೆ ಆಶ್ಚರ್ಯಪಡಬೇಡಿ. ಕಂಪ್ಯೂಟರಿನ ಮುಂದೆ ಕೂತವರು, ಮೌಸ್ ಬಳಸಲಾಗದವರ ಹಾಗೆ, ಅದನ್ನು ಪಕ್ಕಕ್ಕಿಟ್ಟು ಟ್ಯಾಬ್ ಕೀಲಿಯಿಂದಲೇ ನಿಮ್ಮ ಜಾಲತಾಣದ ಅರ್ಜಿ ತುಂಬಲಿ. ಮೂರನೆಯ ಸಾಲಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ ಎಂದು ನನ್ನ ಊಹೆ.

ಸಾರ್ವಜನಿಕರಿಗೂ ಏನಾದರೂ ಹೇಳಬೇಕೆಂದಿದ್ದರೆ ಪಾದಚಾರಿ ಮಾರ್ಗದಲ್ಲಿ ಕಣ್ಣು ಕಾಣದವರಿಗೆ ದಾರಿ ತೋರುವ ಹಳದಿ ಉಬ್ಬುಹಾಸಿನಿಂದ ಶುರು ಮಾಡಿ. ಜಪಾನಿನ ಸೆಯಿಚಿ ಮಿಯಾಕೆ ರೂಪಿಸಿದ ಈ ಹಾಸು ಮೊದಲು ಬಿದ್ದದ್ದು 1967ರಲ್ಲಿ, ಒಕಾಯಾಮಾ ನಗರದಲ್ಲಿ. ಉದ್ದ ಗೆರೆಗಳಿದ್ದರೆ ಹೀಗೇ ಸಾಗಿ ಎಂದರ್ಥ, ಚುಕ್ಕೆಗಳಿದ್ದರೆ ನಿಲ್ಲಿ, ಎಚ್ಚರ. ಅದನ್ನು ಅಲಂಕಾರವೆಂದು ತಿಳಿದವರು ಅದರ ಮೇಲೆಯೇ ಬೈಕು ನಿಲ್ಲಿಸುತ್ತಾರೆ. ಪಾದದಡಿ ಓದುವ ಲಿಪಿ ಅದು ಎಂದು ಗೊತ್ತಾದರೆ ಬಹುಪಾಲು ಜನ ತಾವಾಗಿಯೇ ಪಕ್ಕಕ್ಕೆ ಸರಿಸುತ್ತಾರೆ. ಇದನ್ನು ನಾನೇ ಕಂಡಿದ್ದೇನೆ.

ಇದನ್ನೆಲ್ಲ ನಡೆಸಿಕೊಡಲು ಅಂಗವಿಕಲರನ್ನೇ ಕರೆಯಿರಿ, ಬೇರೆ ತರಬೇತುದಾರರಿಗೆ ಕೊಡುವಷ್ಟೇ ಸಂಭಾವನೆ ಕೊಡಿ. ಅಳೆದದ್ದನ್ನು ಬರೆದು, ಯಾವುದನ್ನು ಯಾರು ಯಾವಾಗ ಸರಿಪಡಿಸುತ್ತಾರೆ ಎಂದು ಅವತ್ತೇ ಗೋಡೆಗೆ ಅಂಟಿಸಿ. ವೇದಿಕೆಯಂತೂ ಬೇಡವೇ ಬೇಡ, ಎಲ್ಲರೂ ನೆಲದ ಮೇಲೆಯೇ ಇರಲಿ.