ತಾನಾಗಿ ಏಳದ ಕೈ, ಎತ್ತಿಸಿದರೂ ಏಳದ ಕೈ

ಅಕ್ಕಾ, ಬೆಳಿಗ್ಗೆ ಮೊಗ್ಗು ಕೊಯ್ದು ಬಂದ ಮೇಲೆ ಈ ಗುಂಪಿನಲ್ಲಿ ನಿಮ್ಮ ಮೆಸೇಜ್ ಓದಿದೆ. ಎರಡು ತಿಂಗಳಿಂದ ಎಡ ಭುಜ ನೋವು, ರಾತ್ರಿ ಆ ಮಗ್ಗುಲಲ್ಲಿ ಮಲಗಲು ಆಗುವುದಿಲ್ಲ, ರವಿಕೆ ಹಾಕುವಾಗ ಕೈ ಹಿಂದಕ್ಕೆ ಹೋಗುವುದಿಲ್ಲ, ಮಲ್ಲಿಗೆ ಗಿಡಕ್ಕೆ ಕೈ ಚಾಚಿದರೆ ಜೀವ ಹೋದ ಹಾಗಾಗುತ್ತದೆ ಎಂದು ಬರೆದಿದ್ದೀರಿ. ಅದಕ್ಕೆ ಒಬ್ಬರು ಫ್ರೋಜನ್ ಶೋಲ್ಡರ್, ಅಂದರೆ ಭುಜದ ಕೀಲು ಬಿಗಿದುಹೋದದ್ದು ಎಂದರು. ಇನ್ನೊಬ್ಬರು ಕುತ್ತಿಗೆ ಎಲುಬು ಸವೆದದ್ದು ಎಂದರು. ಮತ್ತೊಬ್ಬರು ರಾಟೆಗೆ ಹಗ್ಗ ಕಟ್ಟಿ ಎಳೆಯಿರಿ, ನೋವಾದರೂ ಬಿಡಬೇಡಿ ಎಂದರು. ಆ ಕೊನೆಯ ಮಾತು ಓದಿ ನನಗೆ ಸುಮ್ನೆ ಇರಲು ಆಗಲಿಲ್ಲ. ದಯವಿಟ್ಟು ಈಗಲೇ ಹಗ್ಗ ಹಿಡಿಯಬೇಡಿ. ಇದು ಯಾವ ನೋವು ಎಂದು ಮೊದಲು ಗೊತ್ತಾಗಲಿ.

ನಾನು ಡಾಕ್ಟರಲ್ಲ. ಉಡುಪಿಯ ಹಿರಿಯಡ್ಕದ ಹತ್ತಿರ ನಮಗೆ ಸ್ವಲ್ಪ ಅಡಿಕೆ ತೋಟ, ಅಂಗಳದ ಬದಿಯಲ್ಲಿ 40 ಮಲ್ಲಿಗೆ ಗಿಡ ಉಂಟು. ಆದರೆ ಭುಜದ ನೋವನ್ನು ನಮ್ಮ ಮನೆಯಲ್ಲಿ ಎರಡು ಬಗೆಯಲ್ಲಿ ಕಂಡಿದ್ದೇವೆ. ನನಗೆ ಬಂದದ್ದು ನಿಜವಾದ ಫ್ರೋಜನ್ ಶೋಲ್ಡರ್. ನಮ್ಮ ಭಾವನಿಗೆ ಬಂದದ್ದು ಬೇರೆಯೇ, ಆದರೆ ಎಲ್ಲರೂ ಅದನ್ನೂ ಫ್ರೋಜನ್ ಶೋಲ್ಡರ್ ಎಂದೇ ಕರೆದರು. ಹಾಗೆ ಕರೆದದ್ದರಿಂದ ಅವರಿಗೆ ಐದು ತಿಂಗಳು ಹಾಳಾಯಿತು.

ಮೊದಲು ನನ್ನದು ಹೇಳುತ್ತೇನೆ. ಆಗ ನನಗೆ 51 ವರ್ಷ. ಬಿದ್ದದ್ದಿಲ್ಲ, ಭಾರ ಎತ್ತಿದ್ದೂ ಇಲ್ಲ. ಒಂದು ದಿನ ಗಿಡದ ಆಚೆ ಬದಿಯ ಮೊಗ್ಗಿಗೆ ಕೈ ಹಾಕಿದಾಗ ಭುಜದ ಒಳಗೆ ಚುಳ್ ಎಂದಿತು. ಆಮೇಲೆ ದಿನದಿಂದ ದಿನಕ್ಕೆ ಕೈ ಹೋಗುವ ದೂರ ಕಡಿಮೆಯಾಯಿತು. ಮೊದಲು ಮೇಲಿನ ಕಪಾಟಿನ ಡಬ್ಬಿ ಸಿಗಲಿಲ್ಲ, ಆಮೇಲೆ ಜಡೆ ಹಾಕಲು ಆಗಲಿಲ್ಲ, ಕೊನೆಗೆ ಸೆರಗನ್ನು ಹೆಗಲಿಗೆ ಹಾಕುವುದೂ ಕಷ್ಟವಾಯಿತು. ಮೂರು ತಿಂಗಳು ಎಣ್ಣೆ ತಿಕ್ಕಿ ಕಾದು, ಆಮೇಲೆ ಉಡುಪಿಯ ಒಬ್ಬರು ಮೂಳೆ ಡಾಕ್ಟರ ಹತ್ತಿರ ಹೋದೆ. ಅವರು ಮಾಡಿದ ಪರೀಕ್ಷೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಸ್ಟೂಲಿನ ಮೇಲೆ ಕೂರಿಸಿದರು. ಎರಡೂ ಮೊಣಕೈಯನ್ನು ಪಕ್ಕೆಲುಬಿಗೆ ಒತ್ತಿ ಹಿಡಿದು, ಮುಂಗೈಗಳನ್ನು ನೇರ ಮುಂದಕ್ಕೆ ಇಡಲು ಹೇಳಿದರು. ಆಮೇಲೆ ಅವರೇ ನನ್ನ ಮುಂಗೈ ಹಿಡಿದು, ಎರಡು ರೆಕ್ಕೆಯ ಬಾಗಿಲು ತೆರೆದ ಹಾಗೆ, ಮೆಲ್ಲ ಹೊರಗೆ ತಿರುಗಿಸಿದರು. ಬಲಗೈ ಆರಾಮವಾಗಿ ತೆರೆದುಕೊಂಡಿತು. ಎಡಗೈ ನಾಲ್ಕು ಬೆರಳಿನಷ್ಟು ಸರಿದು ನಿಂತುಬಿಟ್ಟಿತು. ಒಳಗಿನಿಂದ ಚಿಲಕ ಹಾಕಿದ ಬಾಗಿಲಿನ ಹಾಗೆ. ನಾನು ಬಿಗಿ ಹಿಡಿದದ್ದಲ್ಲ, ಕೈ ಪೂರ್ತಿ ಸಡಿಲ ಬಿಟ್ಟಿದ್ದೆ.

ಇದೇ ಮುಖ್ಯ ಗುರುತು ಅಕ್ಕಾ. ಭುಜದ ಕೀಲಿನ ಸುತ್ತ ತೆಳ್ಳಗಿನ ಚೀಲದಂಥ ಒಂದು ಪೊರೆ ಇರುತ್ತದೆ. ಫ್ರೋಜನ್ ಶೋಲ್ಡರ್‌ನಲ್ಲಿ ಆ ಪೊರೆಗೆ ಉರಿಯೂತ ಬಂದು, ಅದು ದಪ್ಪವಾಗಿ ಮುದುಡುತ್ತದೆ. ಚೀಲವೇ ಸಣ್ಣದಾದ ಮೇಲೆ ನೀವು ಎತ್ತಿದರೂ ಅಷ್ಟೇ, ಬೇರೆಯವರು ಎತ್ತಿದರೂ ಅಷ್ಟೇ, ಕೈ ಮುಂದೆ ಹೋಗುವುದಿಲ್ಲ. ಅದರಲ್ಲೂ ಹೊರಗೆ ತಿರುಗಿಸುವುದು ಎಲ್ಲಕ್ಕಿಂತ ಜಾಸ್ತಿ ಕಟ್ಟಿಹೋಗುತ್ತದೆ. ಹೆಸರು ಕೇಳಿ ಚಳಿಯಿಂದ ಬಂತು, ತಣ್ಣೀರಿನಿಂದ ಬಂತು, ಮೊಸರಿನಿಂದ ಬಂತು ಎನ್ನುತ್ತಾರೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಈಗ ಭಾವನ ಕಥೆ. ಜೋರು ಮಳೆಯ ಆಟಿ ತಿಂಗಳಲ್ಲಿ ತೋಟದ ಪಾಚಿ ಹಿಡಿದ ಮೆಟ್ಟಿಲಲ್ಲಿ ಜಾರಿ, ಬಲಗೈ ಊರಿ ಬಿದ್ದರು. ಎಲುಬು ಮುರಿಯಲಿಲ್ಲ. ಆದರೆ ಮರುದಿನದಿಂದ ದೋಟಿ, ಅಂದರೆ ಅಡಿಕೆ ಕೊಯ್ಯುವ ಉದ್ದ ಕೋಲು, ಎತ್ತಲು ಆಗಲಿಲ್ಲ. ಉಳುಕು ತೆಗೆಯುವ ಒಬ್ಬರು ಫ್ರೋಜನ್ ಶೋಲ್ಡರ್ ಎಂದು ಹೇಳಿ, ವಾರಕ್ಕೆ ಎರಡು ಸಲ ತಿಕ್ಕಿ ಎಳೆದರು. ಐದು ತಿಂಗಳಾದರೂ ಗುಣ ಇಲ್ಲ. ಕೊನೆಗೆ ನಾನೇ ಹಟ ಮಾಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಅವರ ಕೈ ಹಿಡಿದು ಎತ್ತಿದರೆ ಅದು ಮೇಲಿನ ತನಕ ಹೋಯಿತು! ನಾನು ಆಶ್ಚರ್ಯದಿಂದ ನೋಡುತ್ತಿದ್ದೆ. ಆಮೇಲೆ, ಈಗ ನಿಧಾನ ಇಳಿಸಿ ಎಂದು ಹೇಳಿ ಕೈ ಬಿಟ್ಟರು. ಅರ್ಧ ದಾರಿಯಲ್ಲಿ ಕೈ ದೊಪ್ಪನೆ ಬಿತ್ತು. ಭುಜ ಎತ್ತುವ ಸ್ನಾಯುವನ್ನು ಎಲುಬಿಗೆ ಕಟ್ಟಿ ಹಿಡಿಯುವ ಟೆಂಡನ್ ಹರಿದುಹೋಗಿತ್ತು. ರೊಟೇಟರ್ ಕಫ್ ಹರಿದದ್ದು ಎನ್ನುತ್ತಾರೆ. ಕೀಲು ಸಡಿಲವೇ ಇದೆ, ಎಳೆಯುವ ಹಗ್ಗವೇ ಇಲ್ಲ. ಇಂಥದ್ದನ್ನು ತಿಕ್ಕಿದರೆ, ಎಳೆದರೆ ಏನು ಬಂತು? ಹರಿದ ತುದಿ ದಿನ ಹೋದ ಹಾಗೆ ಒಳಗೆ ಸರಿಯುತ್ತದೆ, ಸ್ನಾಯು ಸೊರಗುತ್ತದೆ, ಹೊಲಿಯುವುದೂ ಕಷ್ಟವಾಗುತ್ತದೆ. ಭಾವನಿಗೆ ಆಪರೇಷನ್ ಆಯಿತು. ಈಗ ಕೆಲಸ ಮಾಡುತ್ತಾರೆ, ಆದರೆ ದೋಟಿ ಹಿಡಿಯುವುದಿಲ್ಲ. ಈ ಗುಂಪಿನಲ್ಲಿ ಅಡಿಕೆ ಕೊಯ್ಯುವವರು ತುಂಬಾ ಜನ ಇದ್ದೀರಿ. ಬಿದ್ದ ಮೇಲೆ ಅಥವಾ ಜೋರಾಗಿ ಎಳೆದ ಮೇಲೆ ಕೈ ಎತ್ತಲು ಬಲವೇ ಇಲ್ಲದಾದರೆ ಒಂದು ವಾರಕ್ಕಿಂತ ಜಾಸ್ತಿ ಕಾಯಬೇಡಿ.

ಟೆಂಡನ್ ಹರಿಯದೆ ಬರೀ ಊದಿಕೊಂಡರೂ ನೋವು ಬರುತ್ತದೆ. ಕೈಯನ್ನು ಪಕ್ಕದಿಂದ ಎತ್ತುತ್ತಾ ಹೋದರೆ ನಡುವಿನ ಒಂದಷ್ಟು ದೂರದಲ್ಲಿ, ಅಂದರೆ ಸುಮಾರು 60ರಿಂದ 120 ಡಿಗ್ರಿಯೊಳಗೆ, ನೋವು ಹಿಡಿಯುತ್ತದೆ. ಅದನ್ನು ದಾಟಿದರೆ ಮೇಲೆ ಹಗುರ. ಅಡಿಕೆಗೆ ಮದ್ದು ಬಿಡುವವರಿಗೆ, ಗೋಡೆಗೆ ಸುಣ್ಣ ಬಳಿಯುವವರಿಗೆ, ದಿನವಿಡೀ ಕೈ ತಲೆಯ ಮೇಲೆ ಇರುವವರಿಗೆ ಇದು ಜಾಸ್ತಿ. ರಾತ್ರಿ ನೋವು ಇದರಲ್ಲೂ ಇರುತ್ತದೆ. ಹಾಗಾಗಿ ರಾತ್ರಿ ನೋವು ಇದೆ ಎಂದ ಮಾತ್ರಕ್ಕೆ ಫ್ರೋಜನ್ ಶೋಲ್ಡರ್ ಎಂದು ಹೇಳಲು ಆಗುವುದಿಲ್ಲ.

ಕುತ್ತಿಗೆಯಿಂದ ಬರುವ ನೋವಿನ ದಾರಿ ಬೇರೆ. ಅದು ಹೆಚ್ಚಾಗಿ ಭುಜದಲ್ಲಿ ನಿಲ್ಲದೆ ಮೊಣಕೈ ದಾಟಿ ಬೆರಳಿನ ತನಕ ಇಳಿಯುತ್ತದೆ. ಜೋಮು ಹಿಡಿಯುತ್ತದೆ, ಇರುವೆ ಹರಿದ ಹಾಗಾಗುತ್ತದೆ. ಕುತ್ತಿಗೆ ತಿರುಗಿಸಿದರೆ ಜಾಸ್ತಿಯಾಗುತ್ತದೆ. ಕೆಲವರಿಗೆ ಕೈಯನ್ನು ತಲೆಯ ಮೇಲೆ ಇಟ್ಟುಕೊಂಡರೆ ಆರಾಮ ಸಿಗುತ್ತದೆ. ಫ್ರೋಜನ್ ಶೋಲ್ಡರ್ ಇದ್ದವರಿಗೆ ಕೈ ತಲೆಯ ಮೇಲೆ ಹೋಗುವುದೇ ಇಲ್ಲ, ಅಲ್ವಾ? ನೀವು ಬೆರಳಿನ ಬಗ್ಗೆ ಏನೂ ಬರೆದಿಲ್ಲ. ಅದನ್ನು ಗಮನಿಸಿ ನೋಡಿ.

ಇನ್ನೊಂದು ಉಂಟು. ರಾತ್ರೋರಾತ್ರಿ ತಡೆಯಲಾರದ ನೋವು ಬಂದು ಕೈ ಮುಟ್ಟಲೂ ಬಿಡದಿದ್ದರೆ ಅದು ಟೆಂಡನ್ ಒಳಗೆ ಕ್ಯಾಲ್ಸಿಯಂ ಕಟ್ಟಿದ್ದೂ ಇರಬಹುದು. ಎಕ್ಸ್‌ರೇಯಲ್ಲಿ ಬಿಳಿ ಚುಕ್ಕೆಯಾಗಿ ಕಾಣುತ್ತದೆ. ಜ್ವರ ಬಂದು ಭುಜ ಕೆಂಪಾಗಿ ಬಿಸಿಯಾಗಿದ್ದರೆ ಸೋಂಕು ಇರಬಹುದು, ಅವತ್ತೇ ಹೋಗಬೇಕು.

ನಿಮ್ಮದು ಎಡ ಭುಜವಾದ್ದರಿಂದ ಒಂದು ಮಾತು ಹೇಳಲೇಬೇಕು. ಕೈ ಅಲ್ಲಾಡಿಸಿದಾಗ ಅಲ್ಲ, ಗುಡ್ಡ ಹತ್ತಿದಾಗ, ಜೋರಾಗಿ ನಡೆದಾಗ ಭುಜ ನೋಯುತ್ತದೆ, ಕೂತರೆ ಕಡಿಮೆಯಾಗುತ್ತದೆ ಎಂದಾದರೆ ಅದು ಹೃದಯದ ನೋವಿರಬಹುದು. ಜೊತೆಗೆ ಎದೆ ಬಿಗಿ, ಬೆವರು, ಉಸಿರು ಕಟ್ಟುವುದು ಇದ್ದರೆ ಎಣ್ಣೆ ಹುಡುಕುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಎಕ್ಸ್‌ರೇ ಸುಮ್ನೆ ದುಡ್ಡು ದಂಡ ಎಂದು ಒಬ್ಬರು ಬರೆದಿದ್ದಾರೆ. ನಾನು ಒಪ್ಪುವುದಿಲ್ಲ. ಫ್ರೋಜನ್ ಶೋಲ್ಡರ್‌ನಲ್ಲಿ ಎಕ್ಸ್‌ರೇ ಹೆಚ್ಚಾಗಿ ಸರಿಯಾಗಿಯೇ ಇರುತ್ತದೆ, ನಿಜ. ಆದರೆ ಕೈ ಹೊರಗೆ ತಿರುಗದಿರಲು ಬೇರೆ ಕಾರಣಗಳೂ ಉಂಟು. ಕೀಲು ಸವೆದಿದ್ದರೂ ತಿರುಗುವುದಿಲ್ಲ. ಭುಜ ಹಿಂದಕ್ಕೆ ಜಾರಿದ್ದರೂ ತಿರುಗುವುದಿಲ್ಲ. ಪಂಪ್‌ಸೆಟ್ಟಿನ ಕರೆಂಟ್ ಶಾಕ್ ಹೊಡೆದ ಮೇಲೆ, ಫಿಟ್ಸ್ ಬಂದ ಮೇಲೆ ಹೀಗೆ ಜಾರುವುದುಂಟು. ನೇರ ತೆಗೆದ ಒಂದೇ ಎಕ್ಸ್‌ರೇಯಲ್ಲಿ ಅದು ತಪ್ಪಿಹೋಗಬಹುದು, ಪಕ್ಕದಿಂದಲೂ ತೆಗೆಯಬೇಕು. ಉಡುಪಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಗೆ ಹೋದರೂ ಮೂಳೆ ಡಾಕ್ಟರು ನೋಡುತ್ತಾರೆ. ಎಲ್ಲರಿಗೂ ಎಂಆರ್‌ಐ ಬೇಕಾಗುವುದಿಲ್ಲ.

ಅದರ ಜೊತೆಗೆ ಶುಗರ್ ಟೆಸ್ಟ್ ಮಾಡಿಸಿ. ಇದನ್ನು ನಾನು ಕೈ ಮುಗಿದು ಹೇಳುತ್ತೇನೆ. ಶುಗರ್ ಇದ್ದವರಿಗೆ ಫ್ರೋಜನ್ ಶೋಲ್ಡರ್ ಬರುವುದು ತುಂಬಾ ಜಾಸ್ತಿ, ಥೈರಾಯ್ಡ್ ಇದ್ದವರಿಗೂ ಜಾಸ್ತಿ. 40ರಿಂದ 60 ವರ್ಷದೊಳಗೆ, ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ನನಗೆ ಶುಗರ್ ಇದೆ ಎಂದು ಗೊತ್ತಾದದ್ದೇ ಈ ಭುಜದಿಂದ. ಅದುವರೆಗೆ ಸುಸ್ತು ಎಲ್ಲ ಮಲ್ಲಿಗೆ ಕೆಲಸದ್ದು ಎಂದುಕೊಂಡಿದ್ದೆ.

ಫ್ರೋಜನ್ ಶೋಲ್ಡರ್ ಎಂದೇ ಆದರೆ ಹೆದರಬೇಡಿ. ಮೊದಲ ಕೆಲವು ತಿಂಗಳು ನೋವು ಜೋರು. ಆಮೇಲೆ ನೋವು ಇಳಿದು ಬಿಗಿತ ಉಳಿಯುತ್ತದೆ. ಆಮೇಲೆ ನಿಧಾನ ಬಿಡುತ್ತದೆ. ಎಲ್ಲ ಸೇರಿ ಒಂದರಿಂದ ಮೂರು ವರ್ಷ ಹಿಡಿಯಬಹುದು. ನನಗೆ ಒಂದೂಮುಕ್ಕಾಲು ವರ್ಷ ಹಿಡಿಯಿತು. ನೋವು ಜೋರಿರುವಾಗ ಕೀಲಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟರೆ ನಿದ್ದೆ ಬರುವಷ್ಟು ಆರಾಮ ಆಗುತ್ತದೆ. ಶುಗರ್ ಇದ್ದರೆ ಆಮೇಲೆ ಕೆಲವು ದಿನ ಅದು ಏರುತ್ತದೆ, ನೋಡಿಕೊಳ್ಳಬೇಕು. ಈ ಹಂತದಲ್ಲಿ ಜೋರಾಗಿ ಎಳೆದರೆ ಉರಿಯೂತ ಇನ್ನಷ್ಟು ಕೆರಳುತ್ತದೆ. ನನಗೆ ಫಿಸಿಯೋ ಕಲಿಸಿದ್ದು ಇಷ್ಟೇ: ಬಿಸಿ ನೀರಿನ ಸ್ನಾನದ ಮೇಲೆ, ಒಳ್ಳೆಯ ಕೈಯನ್ನು ಮೇಜಿಗೆ ಊರಿ ಬಗ್ಗಿ, ನೋವಿನ ಕೈಯನ್ನು ತೊಟ್ಟಿಲಿನ ಹಾಗೆ ತೂಗುವುದು. ಬಿಗಿತದ ಹಂತಕ್ಕೆ ಬಂದ ಮೇಲೆ ಕೋಲು ಹಿಡಿದು ಹೊರಗೆ ತಿರುಗಿಸುವುದು, ಗೋಡೆಗೆ ಬೆರಳು ಏರಿಸುವುದು. ನೋವು ಅಲ್ಲಿಯೇ ಇಳಿದರೆ ಸರಿ. ರಾತ್ರಿಯವರೆಗೂ ಉಳಿದರೆ ಮಾಡಿದ್ದು ಜಾಸ್ತಿಯಾಯಿತು ಎಂದು ಅರ್ಥ. ರಾಟೆಯ ಹಗ್ಗವನ್ನು ನಾನೂ ಎಳೆದಿದ್ದೇನೆ, ಆದರೆ ಅದು ಎಂಟನೇ ತಿಂಗಳಲ್ಲಿ, ಫಿಸಿಯೋ ಹೇಳಿದ ಮೇಲೆ.

ಮಲಗುವಾಗ ಒಳ್ಳೆಯ ಮಗ್ಗುಲಿಗೆ ಮಲಗಿ, ನೋವಿನ ಕೈಯ ಕೆಳಗೆ ಒಂದು ದಿಂಬು ಇಡಿ. ರವಿಕೆಗೆ ನೋವಿನ ಕೈಯನ್ನು ಮೊದಲು ಹಾಕಿ, ತೆಗೆಯುವಾಗ ಅದನ್ನು ಕೊನೆಗೆ ತೆಗೆಯಿರಿ. ಮೊಗ್ಗಿನ ಚೀಲ ಹೆಗಲಿಗೆ ಬೇಡ, ಸೊಂಟಕ್ಕೆ ಕಟ್ಟಿಕೊಳ್ಳಿ. ಎತ್ತರದ ಗೆಲ್ಲು ಮನೆಯವರು ನೋಡಿಕೊಳ್ಳಲಿ. ಹೂ ಕಟ್ಟುವ ಕೆಲಸ ನಿಲ್ಲಿಸಬೇಕಾಗಿಲ್ಲ, ಮೊಣಕೈ ಮೈಗೆ ತಾಗಿಸಿಕೊಂಡು ಕೂತರೆ ನನಗಂತೂ ಭುಜ ನೋಯುತ್ತಿರಲಿಲ್ಲ.

ಇವತ್ತು ಮನೆಯಲ್ಲಿ ಯಾರಿಂದಾದರೂ ಆ ಬಾಗಿಲು ತೆರೆಯುವ ಪರೀಕ್ಷೆಯನ್ನು ಮೆಲ್ಲ ಮಾಡಿಸಿ ನೋಡಿ. ಕೈ ನಿಂತಲ್ಲಿಗೆ ನಿಲ್ಲಿಸಲಿ, ಒತ್ತುವುದು ಬೇಡ. ಎರಡೂ ಕೈ ಎಷ್ಟು ದೂರ ಹೋಯಿತು, ಬೆರಳಲ್ಲಿ ಜೋಮು ಇದೆಯಾ, ಎಲ್ಲಿಯಾದರೂ ಬಿದ್ದದ್ದು ನೆನಪಿದೆಯಾ, ಈ ಮೂರನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಡಾಕ್ಟರ ಹತ್ತಿರ ಹೋಗಿ. ಅವರು ಏನು ಹೇಳಿದರು ಎಂದು ಇಲ್ಲಿ ಬರೆಯಿರಿ ಅಕ್ಕಾ, ನಾನು ಕಾಯುತ್ತಿರುತ್ತೇನೆ.