ಸ್ಕೀಯಲ್ಲಿ ಎಡಕ್ಕೆ ತಿರುಗಿದರೆ ಬೀಳುತ್ತೇನೆ, ಏನು ಮಾಡಲಿ?

ಪ್ರಶ್ನೆ: ನಾನು ಸುರತ್ಕಲ್‌ನವನು, ವಯಸ್ಸು 34. ಕಳೆದ ಫೆಬ್ರವರಿಯಲ್ಲಿ ಗುಲ್ಮಾರ್ಗ್‌ಗೆ ಹೋಗಿ ಒಂದು ವಾರ ಸ್ಕೀಯಿಂಗ್ ಕಲಿತೆ. ನೇರ ಇಳಿಯುವುದು, ನಿಲ್ಲಿಸುವುದು ಬಂತು. ತಿರುಗುವಾಗ, ಅದರಲ್ಲೂ ಎಡಕ್ಕೆ ತಿರುಗುವಾಗ, ಬಿದ್ದುಬಿಡುತ್ತೇನೆ. ತೊಡೆ ಉರಿ ಬೇರೆ. ಜನವರಿಯಲ್ಲಿ ಮತ್ತೆ ಹೋಗಲಿಕ್ಕುಂಟು. ಹಿಮವೇ ಇಲ್ಲದ ನಮ್ಮೂರಲ್ಲಿ ಏನು ಅಭ್ಯಾಸ ಮಾಡಲಿ?

ಉತ್ತರ: ತೊಡೆ ಉರಿ ಅಂದಿರಲ್ಲ, ಸುಳಿವು ಅಲ್ಲೇ ಉಂಟು. ನೀವು ಹಿಂದಕ್ಕೆ ವಾಲಿ ನಿಲ್ಲುತ್ತಿರಬೇಕು. ಇಲ್ಲದ ಕುರ್ಚಿಯಲ್ಲಿ ಕೂತ ಹಾಗೆ, ಭಾರವೆಲ್ಲ ತೊಡೆಗೆ. ಮಳೆಗಾಲದಲ್ಲಿ ಜಾರುವ ಗುಡ್ಡದ ದಾರಿ ಇಳಿಯುವಾಗ ನಾವೆಲ್ಲ ಹಿಮ್ಮಡಿ ಊರಿ, ಮೈ ಹಿಂದಕ್ಕೆ ಹಾಕಿಯೇ ಇಳಿಯುವವರು, ಅಲ್ವಾ? ಹಿಮದಲ್ಲಿ ಆ ಬುದ್ಧಿ ಕೈಕೊಡುತ್ತದೆ. ಸ್ಕೀಯ, ಅಂದರೆ ಬೂಟಿಗೆ ಸಿಕ್ಕಿಸುವ ಉದ್ದ ಪಟ್ಟಿಯ, ಮುಂತುದಿಗೆ ಭಾರ ಬೀಳದಿದ್ದರೆ ಅದು ಹಿಮ ಕಚ್ಚುವುದಿಲ್ಲ, ತಿರುಗುವುದೂ ಇಲ್ಲ.

‘ಮುಂದೆ ಬಾಗಿ’ ಅಂದರೆ ಜಾಸ್ತಿ ಜನ ಸೊಂಟ ಬಗ್ಗಿಸುತ್ತಾರೆ. ಅದಲ್ಲ. ಪಾದದ ಗಂಟು ಮಡಚಬೇಕು, ಮೊಣಕಾಲಿನ ಕೆಳಗಿನ ಎಲುಬು ಬೂಟಿನ ನಾಲಿಗೆಗೆ ಒತ್ತಿಕೊಂಡೇ ಇರಬೇಕು. ಬಾಡಿಗೆ ಬೂಟು ಸಡಿಲವಿದ್ದರೆ ಇದು ಆಗುವ ಮಾತಲ್ಲ. ಎರಡೆರಡು ಸಾಕ್ಸ್ ಹಾಕಿ ಸರಿಮಾಡಲು ನೋಡಬೇಡಿ, ಸಣ್ಣ ಅಳತೆ ಕೇಳಿ.

ಇನ್ನು ಎಡ ತಿರುವು. ಆಗ ಭಾರ ಬಲಗಾಲಿನ ಮೇಲಿರಬೇಕು. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಬೈಕ್ ಓಡಿಸಿದ್ದರೆ ನಿಮಗೆ ಒಳಕ್ಕೆ ವಾಲಿಯೇ ಅಭ್ಯಾಸ. ಸ್ಕೀಯಲ್ಲಿ ಮೈಯೆಲ್ಲ ಒಳಕ್ಕೆ ಹಾಕಿದರೆ ಹೊರಗಿನ ಸ್ಕೀ ಹಗುರಾಗಿ ಜಾರುತ್ತದೆ, ನೀವು ಎಡಮಗ್ಗುಲಿಗೆ ಬೀಳುತ್ತೀರಿ. ಮೊಣಕಾಲು ಒಳಕ್ಕೆ ಹೋಗಲಿ, ಭುಜ ಹೊರಗಿನ ಕಾಲಿನ ಮೇಲೆಯೇ ಉಳಿಯಲಿ. ಸ್ಕೀ ನಡುವೆ ಸಪೂರ, ತುದಿಗಳಲ್ಲಿ ಅಗಲ. ಅಂಚಿನ ಮೇಲೆ ನಿಲ್ಲಿಸಿ ಭಾರ ಕೊಟ್ಟರೆ ಬಿಲ್ಲಿನ ಹಾಗೆ ಬಾಗಿ ತಾನೇ ತಿರುಗುತ್ತದೆ. ಸುಮ್ನೆ ಭುಜ ತಿರುಚಿ ಎಳೆದಾಡಬೇಡಿ.

ಮನೆಯಲ್ಲಿ ಹಲ್ಲುಜ್ಜುವಾಗ ಬಲಗಾಲಲ್ಲಿ ನಿಂತು ನೋಡಿ, ಮರುದಿನ ಎಡಗಾಲಲ್ಲಿ. ಬಲಗಾಲು ಜಾಸ್ತಿ ನಡುಗಿದರೆ ಉತ್ತರ ಸಿಕ್ಕಿತು. ಮೆಟ್ಟಿಲಲ್ಲಿ ಒಂದೇ ಕಾಲಿನ ಮೇಲೆ ಭಾರ ಹಿಡಿದು, ಇನ್ನೊಂದು ಪಾದವನ್ನು ನಿಧಾನಕ್ಕೆ ಕೆಳಗಿಳಿಸಿ ಮತ್ತೆ ಮೇಲೆ ತನ್ನಿ. ವಾರಕ್ಕೆ ಮೂರು ದಿನ, ಎರಡು ತಿಂಗಳು. ಪಣಂಬೂರಿನ ಮರಳಲ್ಲಿ ಒಂಟಿಕಾಲಲ್ಲಿ ನಿಲ್ಲುವುದು ಇನ್ನೂ ಕಷ್ಟ, ಇನ್ನೂ ಒಳ್ಳೆಯದು. ಇನ್‌ಲೈನ್ ಸ್ಕೇಟಿಂಗ್ ಬಂದರಂತೂ ಅರ್ಧ ಕೆಲಸ ಮುಗಿಯಿತು. ಮೂಲ್ಕಿಯ ಸರ್ಫಿಂಗ್ ಸಾಕಾಗದೇ ಎಂದು ಕೆಲವರು ಕೇಳುವುದುಂಟು. ಧೈರ್ಯ ಬರುತ್ತದೆ ನಿಜ. ಆದರೆ ಅಲ್ಲಿ ಅಡ್ಡ ನಿಲ್ಲುವುದು, ಅದು ಎರಡೂ ಕಾಲು ಒಂದೇ ಹಲಗೆಯ ಮೇಲಿಡುವ ಸ್ನೋಬೋರ್ಡಿಗೆ ಹತ್ತಿರ. ಬಿದ್ದಾಗ ಮೊಣಕಾಲು ತಿರುಚಿ ಈಗಲೂ ನೋವಿದ್ದರೆ ಇದೆಲ್ಲಕ್ಕೂ ಮೊದಲು ವೈದ್ಯರಿಗೆ ತೋರಿಸಿ.

ಗುಲ್ಮಾರ್ಗ್ ಇರುವುದು ಸುಮಾರು 2,650 ಮೀಟರ್ ಎತ್ತರದಲ್ಲಿ. ಕಡಲ ಮಟ್ಟದಿಂದ ಹೋದವರಿಗೆ ಬೇಗ ಏದುಸಿರು ಬರುತ್ತದೆ, ಹಾಗಾಗಿ ಮೊದಲ ದಿನವೇ ಇನ್ನೂ ಮೇಲಕ್ಕೆ ಒಯ್ಯುವ ಗೊಂಡೋಲಾ (ಕೇಬಲ್ ಕಾರ್) ಹತ್ತಬೇಡಿ. ಕೆಳಗಿನ ಚಿಕ್ಕ ಇಳಿಜಾರಲ್ಲಿ ಎಡಕ್ಕೆ ತಿರುಗುತ್ತಾ ಎಡ ಸ್ಕೀಯ ಹಿಂತುದಿಯನ್ನು ಒಂಚೂರು ಎತ್ತಿ ನೋಡಿ. ಎತ್ತಲಾಗದಿದ್ದರೆ ಭಾರ ಇನ್ನೂ ಬಲಕ್ಕೆ ಬಂದಿಲ್ಲ ಎಂದರ್ಥ.